ಮಾಯದ ವಸ್ತುವಿಗೆ ಹೆಸರಿಡುವುದು ಹೇಗೆ: ಕಥೆ ಬರೆಯುವವರಿಗೂ ಆಟ ಆಡಿಸುವವರಿಗೂ

ರಾಜ್ಯ ರೆಡಿ, ನಕಾಶೆ ರೆಡಿ, ರಾಕ್ಷಸರೂ ರೆಡಿ. ಗುಹೆಯ ಕೊನೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಕತ್ತಿ. ಅದರ ಹೆಸರೇನು ಅಂತ ಬಂದಾಗ ಮಾತ್ರ ಬರೆಯುವ ಕೈ ನಿಂತುಬಿಡುತ್ತೆ. ಆಮೇಲೆ ಸುಮ್ನೆ ಏನೋ ಒಂದು ಇಟ್ಟುಬಿಡುತ್ತೇವೆ: ಅಗ್ನಿಖಡ್ಗ, ವಜ್ರಖಡ್ಗ, ರುದ್ರಖಡ್ಗ, ಕೊನೆಗೆ ಮಹಾರುದ್ರಖಡ್ಗ. ಹುಬ್ಬಳ್ಳಿ-ಧಾರವಾಡದ ನಮ್ಮ ಗೆಳೆಯರ ಗುಂಪಿನಲ್ಲಿ ಕಥೆಯಾಟ (ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗಿ ದಾಳ ಹಾಕುತ್ತಾರೆ) ಆಡುವಾಗ ಇಂಥ ಹೆಸರುಗಳು ಬಹಳ ಬಂದು ಹೋಗಿವೆ. ಮುಂದಿನ ವಾರ ಅವು ಯಾರಿಗೂ ನೆನಪಿರುವುದಿಲ್ಲ. "ಆ ಬೆಂಕಿದು ಐತಲ್ಲ, ಅದು" ಅಂತ ಕೈ ತೋರಿಸುತ್ತಾರೆ.

ನಾನು ಇಲ್ಲಿ ಹೇಳುವುದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ. ಆ ವಸ್ತುವಿಗೆ ಕಥೆಯೊಳಗೆ ಹೆಸರಿಟ್ಟವರು ಯಾರು? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧ ಕನ್ನಡದ ವ್ಯಾಕರಣ, ಕಿವಿ ಮತ್ತು ನಿಮ್ಮ ಕಂಪ್ಯೂಟರಿನ ಫಾಂಟು.

ಹೆಜ್ಜೆ 1: ಎರಡು ಸಾಲು ಬರೆಯಿರಿ

ಹೆಸರಿಗೆ ಕೈ ಹಾಕುವ ಮೊದಲು ಕಾಗದದ ಮೇಲೆ ಎರಡು ಸಾಲು ಬೇಕು. ಈ ವಸ್ತು ಏನು ಮಾಡುತ್ತೆ ಅನ್ನುವುದು ಮೊದಲ ಸಾಲು. ಯಾವಾಗ ಮಾಡುವುದಿಲ್ಲ, ಅಥವಾ ಮಾಡಿದ್ದಕ್ಕೆ ಏನು ಕಿತ್ತುಕೊಳ್ಳುತ್ತೆ ಅನ್ನುವುದು ಎರಡನೆಯದು. ಮೊದಲ ಸಾಲನ್ನು ಎಲ್ಲರೂ ಬರೆಯುತ್ತಾರೆ, ಆದರೆ ಹೆಸರು ಹುಟ್ಟುವುದು ಹೆಚ್ಚಾಗಿ ಎರಡನೆಯದರಿಂದ.

ಅಕ್ಷಯಪಾತ್ರೆ ನೋಡಿ. ಊಟ ಕೊಡುವ ಪಾತ್ರೆ ಅಂದರೆ ಅಷ್ಟೇ ಅಲ್ವಾ. ದ್ರೌಪದಿ ಉಂಡು ಮುಗಿಸುವವರೆಗೆ ಮಾತ್ರ ಕೊಡುತ್ತೆ ಅಂದಾಗಲೇ ಅದು ಕಥೆಯಾಗುತ್ತೆ, ಅವಳು ಉಂಡಾದ ಮೇಲೆ ದೂರ್ವಾಸರು ಬಂದರೆ ಮುಂದೇನು ಅನ್ನುವ ದಿಗಿಲು ಹುಟ್ಟುತ್ತೆ. ಸ್ಯಮಂತಕ ಮಣಿ ದಿನಕ್ಕೆ ಎಂಟು ಭಾರ ಬಂಗಾರ ಕೊಡುತ್ತಿತ್ತು, ಆದರೆ ಅದು ಹೋದ ಕಡೆಯೆಲ್ಲ ಸಾವು, ಅಪವಾದ. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ದೇವರಾಜ ಓಡಿನ್‌ನ ಕೈಯ ಕಡಗ ದ್ರೌಪ್ನಿರ್ ಅಂತ ಒಂದಿದೆ. ಒಂಬತ್ತು ರಾತ್ರಿಗೊಮ್ಮೆ ಅದರಿಂದ ಅಷ್ಟೇ ತೂಕದ ಎಂಟು ಕಡಗಗಳು ತೊಟ್ಟಿಕ್ಕುತ್ತವೆ. ಹೆಸರಿನ ಅರ್ಥವೂ ತೊಟ್ಟಿಕ್ಕುವುದು ಅಂತಲೇ. ಬಂಗಾರ, ಐಶ್ವರ್ಯ, ಓಡಿನ್ ಯಾವುದೂ ಹೆಸರಿನಲ್ಲಿಲ್ಲ. ಕಣ್ಣಿಗೆ ಕಂಡ ಒಂದು ಕ್ರಿಯೆ ಅಷ್ಟೇ ಇದೆ.

ಹಾಗಾಗಿ ನಿಮ್ಮ ಎರಡು ಸಾಲಿನಲ್ಲಿ ಒಂದು ಕ್ರಿಯಾಪದ ಹುಡುಕಿ. ತೊಟ್ಟಿಕ್ಕು, ಸೋರು, ಕಮರು, ಮೂಸು, ತಡವರಿಸು, ಹೆಪ್ಪುಗಟ್ಟು. ಅಗ್ನಿ, ವಜ್ರ, ದಿವ್ಯ, ಮಹಾ ಎಂಬ ಶಬ್ದಗಳನ್ನು ಸದ್ಯಕ್ಕೆ ದೂರ ಇಡಿ.

ಹೆಜ್ಜೆ 2: ಹೆಸರಿಟ್ಟವರನ್ನು ಹಿಡಿಯಿರಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ.

ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಯುದ್ಧ ಶುರುವಾಗುವ ಮುಂಚೆ ಒಬ್ಬೊಬ್ಬರೂ ತಮ್ಮ ಶಂಖ ಊದುತ್ತಾರೆ. ಕೃಷ್ಣನ, ಪಾಂಡವರ ಶಂಖಗಳಿಗೆಲ್ಲ ಹೆಸರಿದೆ, ಒಂದೊಂದು ಹೆಸರಿನ ಹಿಂದೆ ಒಂದೊಂದು ದಾರಿ. ಕೃಷ್ಣನ ಪಾಂಚಜನ್ಯ ಪಂಚಜನನೆಂಬ ಅಸುರನನ್ನು ಕೊಂದು ತಂದದ್ದು, ಅಂದರೆ ಎಲ್ಲಿಂದ ಬಂತು ಅನ್ನುವುದೇ ಹೆಸರು. ಅರ್ಜುನನ ದೇವದತ್ತ ದೇವತೆಗಳು ಕೊಟ್ಟದ್ದು, ಹೆಸರಿನಲ್ಲಿ ಕೊಟ್ಟವರು ಇದ್ದಾರೆ. ಧರ್ಮರಾಯನ ಅನಂತವಿಜಯದಲ್ಲಿ ಅವನ ಆಸೆ ಇದೆ. ನಕುಲನ ಸುಘೋಷ ಕಿವಿಗೆ ಕೇಳಿದ್ದು, ಸಹದೇವನ ಮಣಿಪುಷ್ಪಕ ಕಣ್ಣಿಗೆ ಕಂಡದ್ದು. ಒಂದೇ ದಂಡಿನಲ್ಲಿ ಐದು ಥರದ ಹೆಸರು, ಆದರೂ ಎಲ್ಲ ಒಂದೇ ಲೋಕದವು ಅನ್ನಿಸುತ್ತೆ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಂಬುವ ಸೀಮೆ ನಮ್ಮದು, ಇಂಥ ಹೆಸರುಗಳು ಇಲ್ಲಿ ಮಕ್ಕಳಿಗೂ ಗೊತ್ತು. ಹೆಸರನ್ನು ಎತ್ತಿಕೊಳ್ಳಬೇಡಿ, ದಾರಿಯನ್ನು ಎತ್ತಿಕೊಳ್ಳಿ: ಮೂಲ, ಕೊಟ್ಟವರು, ಆಸೆ, ಸದ್ದು, ರೂಪ.

ಈಗ ನಮ್ಮದೇ ಒಂದು ವಸ್ತು ಮಾಡೋಣ. ಒಂದು ಕಂದೀಲು. ಹಳೆಯದು, ಗಾಜಿಗೆ ಒಂದು ಕಡೆ ಸೀಳು ಬಿಟ್ಟಿದೆ, ಹಿಡಿಕೆಗೆ ಯಾರೋ ಅರಿವೆ ಸುತ್ತಿದ್ದಾರೆ. ಇದನ್ನು ಹಚ್ಚಿದರೆ ನಿನ್ನೆ ರಾತ್ರಿ ಆ ಜಾಗದಲ್ಲಿ ನಡೆದಾಡಿದವರ ಹೆಜ್ಜೆಗಳು ನೆಲದ ಮೇಲೆ ಕಾಣುತ್ತವೆ. ಇದು ಮೊದಲ ಸಾಲು. ಹಚ್ಚಿದವರ ಹೆಜ್ಜೆ ಮಾತ್ರ ಇದರ ಬೆಳಕಲ್ಲಿ ಯಾವತ್ತೂ ಕಾಣುವುದಿಲ್ಲ. ಇದು ಎರಡನೆಯದು.

ಹೆಸರಿಟ್ಟವರು ಯಾರು? ಊರ ಅಗಸಿ ಕಾಯುತ್ತಿದ್ದ ಒಬ್ಬ ಮುದುಕನ ಕೈಯಲ್ಲಿ ಇದು ನಲವತ್ತು ವರ್ಷ ಇತ್ತು ಅನ್ನಿ. ಅವನಿಗೆ ಅದು ಬರೀ ಕಂದೀಲು. ಅವನು ಸತ್ತ ಮೇಲೆ ಸೊಸೆ ಅದನ್ನು "ಮಾವನ ಕಂದೀಲು" ಅನ್ನುತ್ತಾಳೆ, ಯಾರಿಗೂ ಕೊಡುವುದಿಲ್ಲ. ಅರಮನೆಯವರು ಜಪ್ತಿ ಮಾಡಿಕೊಂಡು ಹೋಗಿ ಭಂಡಾರದ ಪಟ್ಟಿಯಲ್ಲಿ "ನಿಶಾಸಾಕ್ಷಿ" ಅಂತ ಬರೆಯುತ್ತಾರೆ, ಯಾಕೆಂದರೆ ಪಟ್ಟಿ ಬರೆಯುವ ಶಾನುಭೋಗರಿಗೆ ಸಂಸ್ಕೃತ ಬೇಕು. ಇನ್ನು ಆ ಬೆಳಕಿನಿಂದಲೇ ಸಿಕ್ಕಿಬಿದ್ದು ಕೈಗೆ ಕೋಳ ಹಾಕಿಸಿಕೊಂಡ ಕಳ್ಳರು? ಅವರು ಅದನ್ನು "ಚಾಡಿಬುಡ್ಡಿ" ಅನ್ನುತ್ತಾರೆ.

ಒಂದೇ ವಸ್ತು, ಮೂರು ಹೆಸರು. ಯಾರು ಯಾವ ಹೆಸರು ಹೇಳಿದರು ಅನ್ನುವುದರಲ್ಲೇ ಅವರು ಎಲ್ಲಿಯವರು ಅಂತ ಗೊತ್ತಾಗುತ್ತೆ. ಆಟದಲ್ಲಿ ಒಬ್ಬ ವ್ಯಾಪಾರಿ ಬಹಳ ಸಭ್ಯನಾಗಿ ಮಾತಾಡುತ್ತಾ ಬಾಯಿತಪ್ಪಿ "ಚಾಡಿಬುಡ್ಡಿ" ಅಂದರೆ ಮೇಜಿನ ಸುತ್ತ ಕೂತವರೆಲ್ಲ ತಲೆ ಎತ್ತುತ್ತಾರೆ. ಅವನು ಯಾರು ಅಂತ ನೀವು ಹೇಳಲೇ ಬೇಕಿಲ್ಲ. ಸೊಸೆಯ ಮನೆಗೆ ಹೋಗಿ "ನಿಶಾಸಾಕ್ಷಿ ಎಲ್ಲಿದೆ" ಅಂತ ಕೇಳಿದರೆ ಅವಳಿಗೆ ಅರ್ಥವೇ ಆಗುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾಳೆ. "ಮಾವನ ಕಂದೀಲು" ಅಂದವರಿಗೆ ಮಾತ್ರ ಒಳಗೆ ಕರೆದು ಚಹಾ ಕೊಡುತ್ತಾಳೆ.

ಮುಖ್ಯವಾದ ವಸ್ತುಗಳಿಗೆಲ್ಲ ಹೀಗೆ ಕನಿಷ್ಠ ಎರಡು ಹೆಸರು ಇರಲಿ. ಒಂದು ಬರೆದದ್ದು, ಒಂದು ಬಾಯಲ್ಲಿರುವುದು.

ಹೆಜ್ಜೆ 3: ಕತ್ತಿ ಬಿಟ್ಟು ಬೇರೆ ವಸ್ತು ನೋಡಿ

ಮಾಯದ ಲೋಕ ಅಂದ ಕೂಡಲೇ ಕತ್ತಿ, ಉಂಗುರ, ದಂಡ, ಕಿರೀಟ ಇಷ್ಟೇ ಯಾಕೆ? ನಮ್ಮ ಮನೆ, ಹೊಲಗಳಲ್ಲಿ ಸಾಮಾನು ಎಷ್ಟಿವೆ! ಬಾರಕೋಲು, ಕುಡಗೋಲು, ಕುರಪಿ, ಕೂರಿಗಿ, ಮಿಣಿ, ನೊಗ, ಬೀಸುಕಲ್ಲು, ಒನಕೆ, ಮೊರ, ಗಡಗಿ, ತತ್ರಾಣಿ, ಚರಗಿ, ಕಂಬಳಿ, ಕೌದಿ, ಜೋಳಿಗೆ. ವಸ್ತುವಿನ ಹೆಸರೇ ಅರ್ಧ ಕೆಲಸ ಮಾಡಿಕೊಡುತ್ತೆ. "ಎಷ್ಟು ಹಾಕಿದರೂ ತುಂಬದ ಚೀಲ" ಅಂತ ಆಟಗಳಲ್ಲಿ ಎಲ್ಲ ಕಡೆ ಬರುತ್ತಲ್ಲ, ಅದನ್ನು "ತುಂಬದ ಜೋಳಿಗೆ" ಅಂದು ನೋಡಿ. ಜೋಳಿಗೆ ಅಂದ ಕೂಡಲೇ ಅದನ್ನು ಹೊತ್ತವನು ಬೇಡುವವನೋ ಸಾಧುವೋ ಅನ್ನುವ ಪ್ರಶ್ನೆ ಹುಟ್ಟುತ್ತೆ, ಅವನು ಯಾಕೆ ಇನ್ನೂ ಬೇಡುತ್ತಿದ್ದಾನೆ ಅನ್ನುವ ಪ್ರಶ್ನೆಯೂ. ನೆಲದಡಿಯ ಗುಹೆ ಬೇಕಾ? ನಮ್ಮ ಕಡೆ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಸಣ್ಣದು, ಒಳಗೆ ಕತ್ತಲು, ಬಹಳ ದಿನ ಮುಚ್ಚಿದ್ದರೆ ಇಳಿದವನಿಗೆ ಉಸಿರು ಕಟ್ಟುತ್ತೆ. "ತಳವಿಲ್ಲದ ಹಗೇವು" ಅಂದರೆ ಸಾಕು, ಹಗೇವು ಕಂಡವರಿಗೆ ಮೈ ಜುಮ್ ಅನ್ನುತ್ತೆ.

ಕಸೂತಿ ಇನ್ನೂ ಶ್ರೀಮಂತ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ನಾಲ್ಕು ಹೊಲಿಗೆ. ಇದರಲ್ಲಿ ಗವಂತಿ ಮತ್ತು ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಬದಿಗೆ ಚಿತ್ರ ಒಂದೇ ಥರ ಕಾಣುತ್ತೆ, ದಾರಕ್ಕೆ ಗಂಟು ಹಾಕುವುದಿಲ್ಲ. ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ತೊಟ್ಟಿಲು ಎಲ್ಲ ಹೀಗೆ ಎಣಿಸಿದ ಎಳೆಗಳ ಮೇಲೆ ಬರುತ್ತವೆ. ಇದರಿಂದ ಒಂದು ಮಾಯದ ಸೀರೆ ಮಾಡಿ: ಉಟ್ಟವಳು ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ಬೆನ್ನಟ್ಟುವವರಿಗೆ ತಿಳಿಯುವುದಿಲ್ಲ. ಹೊಲಿದವಳು ಅದನ್ನು "ಗಂಟಿಲ್ಲದ ಸೆರಗು" ಅನ್ನುತ್ತಾಳೆ. ಬೆನ್ನಟ್ಟಿ ಸೋತ ಸಿಪಾಯಿಗಳು "ಎರಡ್ಮಾರಿ ಸೀರಿ" ಅನ್ನುತ್ತಾರೆ. ಅದಕ್ಕೆ ಎಲ್ಲೋ ಒಂದು ಕಡೆ ಯಾರಾದರೂ ಗಂಟು ಹಾಕಿದರೆ ಮಾಯ ಕೆಡುತ್ತೆ. ನೋಡಿ, ಕಟ್ಟುಪಾಡೂ ಹೊಲಿಗೆಯಿಂದಲೇ ಬಂತು.

ನವಲಗುಂದದ ಜಮಖಾನೆ, ಕಲಘಟಗಿಯ ಬಣ್ಣದ ತೊಟ್ಟಿಲು, ಹಾವೇರಿಯ ಏಲಕ್ಕಿ ಹಾರ, ಇವನ್ನೂ ಇದೇ ರೀತಿ ಹತ್ತಿರದಿಂದ ನೋಡಿ. ಹಾರುವ ಜಮಖಾನೆ ಅಂತ ಮಾತ್ರ ಮಾಡಬೇಡಿ, ಅದು ಬೇರೆ ದೇಶದ ಕಥೆಗಳಲ್ಲಿ ಸವೆದು ಹೋಗಿದೆ. ನವಲಗುಂದದ ಜಮಖಾನೆಗಳಲ್ಲಿ ಪಗಡೆಯ ಹಾಸೂ ನೇಯುತ್ತಾರೆ. ಕೂತು ಆಡಿದವರ ಆಯಸ್ಸೇ ಪಣವಾಗುವ ಒಂದು ಹಾಸು ಇದ್ದರೆ ಹೇಗಿರುತ್ತೆ, ಅದಕ್ಕೆ ಗೆದ್ದವನು ಏನಂತಾನೆ, ಸೋತವನ ಹೆಂಡತಿ ಏನಂತಾಳೆ?

ಹೆಜ್ಜೆ 4: ಕೂಡಿಸುವುದನ್ನು ಕಲಿಯಿರಿ

ಇಂಗ್ಲಿಷಿನಲ್ಲಿ ಎರಡು ಶಬ್ದ ಅಕ್ಕಪಕ್ಕ ಇಟ್ಟರೆ ಹೆಸರಾಗುತ್ತೆ. ಕನ್ನಡದಲ್ಲಿ ಅವು ಕರಗಿ ಒಂದಾಗಬೇಕು, ಆಗಲೇ ಹೆಸರಿಗೆ ಹಳತನ ಬರುವುದು. ಶಾಲೆಯಲ್ಲಿ ಕಲಿತ ಆದೇಶ ಸಂಧಿ ಇಲ್ಲಿ ಕೆಲಸಕ್ಕೆ ಬರುತ್ತೆ. ಕ, ತ, ಪ ಬಂದ ಕಡೆ ಗ, ದ, ಬ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಕಿಡಿ, ಕತ್ತಿ ಸೇರಿ ಕಿಡಿಗತ್ತಿ. ಹೊಗೆ, ಕೊಡ ಸೇರಿ ಹೊಗೆಗೊಡ. ಮಳೆ, ಕೊಡಲಿ ಸೇರಿ ಮಳೆಗೊಡಲಿ. "ಕಿಡಿ ಕತ್ತಿ" ಅಂತ ಬಿಡಿಸಿ ಬರೆದರೆ ಅಂಗಡಿಯ ಫಲಕದ ಹಾಗೆ ಕಾಣುತ್ತೆ, "ಕಿಡಿಗತ್ತಿ" ಅಂದರೆ ಯಾರದೋ ಅಜ್ಜನ ಕಾಲದ್ದು ಅನ್ನಿಸುತ್ತೆ.

ಮುಂದೆ ಅಂಟಿಸುವ ಸಣ್ಣ ತುಣುಕುಗಳೂ ಇವೆ: ಕೆಂ, ಬೆಳ್, ಕಾರ್, ಹೊಂ, ತಣ್, ಇಮ್, ಮುಮ್, ಕಿರು, ಹೆ (ಕೆಂಪು, ಬಿಳಿ, ಕಪ್ಪು, ಹೊನ್ನು, ತಂಪು, ಎರಡು, ಮೂರು, ಚಿಕ್ಕದು, ದೊಡ್ಡದು). ಇವನ್ನು ಒಂದೇ ಬಾಲಕ್ಕೆ ಅಂಟಿಸಿ ಒಂದು ಮನೆತನ ಮಾಡಬಹುದು. ಒಬ್ಬ ಕಮ್ಮಾರನ ವಂಶದವರು ಹೊಡೆದ ಈಟಿ, ಭರ್ಚಿಗಳೆಲ್ಲ "ಮೊನೆ"ಯಲ್ಲಿ ಮುಗಿಯಲಿ: ಕೆಮ್ಮೊನೆ, ಮುಮ್ಮೊನೆ, ತಣ್ಮೊನೆ, ಕಾರ್ಮೊನೆ. ಆಟಗಾರರಿಗೆ ಮೂರನೆಯದು ಸಿಕ್ಕಾಗ ಇದು ಅದೇ ಮನೆಯದು ಅಂತ ತಾವೇ ಹೇಳುತ್ತಾರೆ. ಕಲ್ಯಾಣದ ಚಾಲುಕ್ಯರ ಬಿರುದುಗಳೂ ಹೀಗೇ ಅಲ್ವಾ: ಆಹವಮಲ್ಲ, ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ, ಜಗದೇಕಮಲ್ಲ. ಬಾಲ ಕೇಳಿದರೆ ಸಾಕು, ಎಲ್ಲ ಒಂದೇ ಮನೆಯವು ಅನ್ನಿಸುತ್ತೆ.

ಬಿರುದುಗಳ ಬಗ್ಗೆ ಇನ್ನೊಂದು ಮಾತು. ಅದೇ ವಂಶದ ಸತ್ಯಾಶ್ರಯ (997–1008) ಎಂಬ ಅರಸನಿಗೆ "ಇರಿವಬೆಡಂಗ" ಅಂತ ಬಿರುದು. ಇರಿಯುವುದರಲ್ಲೇ ಬೆಡಗು ತೋರಿಸುವವನು. ಅವನ ಕಾಲದಲ್ಲೇ, 1007ರಲ್ಲಿ, ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಗೆ "ದಾನಚಿಂತಾಮಣಿ" ಅಂತ ಬಿರುದು. ಎರಡನ್ನೂ ಜೋರಾಗಿ ಹೇಳಿ ನೋಡಿ. ಒಂದು ಅಚ್ಚಗನ್ನಡ, ಕ್ರಿಯೆಯಿಂದ ಹುಟ್ಟಿದ್ದು, ಹಲ್ಲು ಕಚ್ಚಿದ ಹಾಗೆ. ಇನ್ನೊಂದು ಸಂಸ್ಕೃತ, ನಿಧಾನ, ಗಂಭೀರ. ನಿಮ್ಮ ಲೋಕಕ್ಕೆ ಎರಡೂ ಬೇಕು. ಇರಿವಬೆಡಂಗದ ಅಚ್ಚಿನಲ್ಲಿ ಹೊಸದು ಎರಕ ಹೊಯ್ಯಿರಿ: ಉರಿವಮೊನೆ, ಕರೆವಗಂಟೆ, ಮರೆಸುವಬಳೆ. ದಾನಚಿಂತಾಮಣಿಯ ಅಚ್ಚನ್ನು ಅರಮನೆ, ಮಠ, ಭಂಡಾರದ ವಸ್ತುಗಳಿಗೆ ಇಟ್ಟುಕೊಳ್ಳಿ.

ಸಂಸ್ಕೃತ, ಕನ್ನಡ ಶಬ್ದಗಳನ್ನು ಒಂದೇ ಸಮಾಸದಲ್ಲಿ ಬೆರೆಸಿದರೆ ಅರಿಸಮಾಸ ಅಂತ ಹಳೆಯ ವ್ಯಾಕರಣಕಾರರು ತಕರಾರು ಮಾಡುತ್ತಿದ್ದರು, ಆದರೆ ಬಿರುದುಗಳಿಗೆ ಅವರೇ ವಿನಾಯಿತಿ ಕೊಟ್ಟಿದ್ದರು. ನನ್ನ ಸಲಹೆ: ಬೆರೆಸುವ ಮುಂಚೆ ಕಿವಿಗೆ ಕೇಳಿಸಿಕೊಳ್ಳಿ. "ಅಗ್ನಿಗತ್ತಿ" ಕಿವಿಗೆ ಒರಟು. "ಬೆಂಕಿಗತ್ತಿ" ಪರವಾಗಿಲ್ಲ. "ಕಿಡಿಗತ್ತಿ" ಚೆನ್ನಾಗಿದೆ.

ಹೆಜ್ಜೆ 5: ವಯಸ್ಸು ತೋರಿಸಲು ಪ ಮತ್ತು ಹ

ಇದು ನನಗೆ ಬಹಳ ಇಷ್ಟದ್ದು. ಹಳಗನ್ನಡದಲ್ಲಿ ಶಬ್ದದ ಮೊದಲಿಗಿದ್ದ ಪ ಹೊಸಗನ್ನಡದಲ್ಲಿ ಬಹಳ ಕಡೆ ಹ ಆಗಿದೆ. ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪೊನ್ನು ಹೊನ್ನಾಯಿತು. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆ ಅಂತ ಹೇಳುವಾಗ ಈ ಊರನ್ನೂ ಹೆಸರಿಸುತ್ತೆ. ಆಮೇಲೆ ಜನರ ಬಾಯಲ್ಲಿ ಅದು ಹುಲಿಗೆರೆ ಆಯಿತು.

ಇದರಿಂದ ಆಟದಲ್ಲಿ ಒಂದು ಒಳ್ಳೆಯ ಒಗಟು ಕಟ್ಟಬಹುದು. ಊರಿನ ಜನ "ಹುಲಿಯುಗುರು" ಎಂಬ ಬಾಕಿನ ಕಥೆ ಹೇಳುತ್ತಾರೆ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಒಂದು ಮೆಟ್ಟಿಲ ಬಾವಿಗೆ ಇಳಿದಾಗ ಕಲ್ಲಿನ ಮೇಲೆ "ಪುಲಿಯುಗುರ್" ಅಂತ ಕೊರೆದಿರುತ್ತೆ. ಯಾರಾದರೂ ಒಬ್ಬರಿಗೆ ಹೊಳೆದೇ ಹೊಳೆಯುತ್ತೆ, ಹೊಳೆದಾಗ ಆ ಖುಷಿ ನೋಡಬೇಕು. ಇನ್ನೂ ಹಳೆಯ ವಸ್ತುವಾದರೆ ಈಗ ಬಳಕೆಯಲ್ಲಿಲ್ಲದ ಱ, ೞ ಅಕ್ಷರಗಳನ್ನು ತನ್ನಿ. ಮಳೆ ಆಗ "ಮೞೆ" ಆಗಿತ್ತು. ಕಂಪ್ಯೂಟರಿನ ಅಕ್ಷರಗಳ ಪಟ್ಟಿಯಾದ ಯೂನಿಕೋಡಿನಲ್ಲಿ ಎರಡೂ ಇವೆ, ಆದರೆ ನಿಮ್ಮ ಫಾಂಟಿನಲ್ಲಿ ಇವೆಯಾ ಅಂತ ಮೊದಲು ನೋಡಿಕೊಳ್ಳಿ.

ಹೆಜ್ಜೆ 6: ಸರಣಿ ಬೇಕಿದ್ದರೆ ಮಳೆಗಳನ್ನು ಕೇಳಿ

ಏಳೆಂಟು ವಸ್ತುಗಳ ಗುಂಪಿಗೆ ಹೆಸರಿಡುವುದು ತಲೆನೋವಿನ ಕೆಲಸ. ಹೊಸದಾಗಿ ಕಟ್ಟುವ ಬದಲು ಜನ ಮೊದಲೇ ಕಟ್ಟಿಟ್ಟ ಸರಣಿ ಹಿಡಿಯಿರಿ. ನಮ್ಮ ಕಡೆ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ, ಮಿರಗ, ಆರಿದ್ರಾ, ಮಘಾ, ಹುಬ್ಬಿ, ಉತ್ತರಿ, ಹಸ್ತಾ, ಚಿತ್ತಿ, ಸ್ವಾತಿ. ಒಂದೊಂದಕ್ಕೂ ಒಂದೊಂದು ಗುಣ ಅಂತ ಜನ ಮಾತಾಡುತ್ತಾರೆ. ಮಿರಗ ಬಿತ್ತನೆಗೆ ಕರೆಯುವ ಮಳೆ. "ಮಘಾ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುತ್ತಾರೆ. ಸ್ವಾತಿ ಹನಿ ಚಿಪ್ಪಿಗೆ ಬಿದ್ದರೆ ಮುತ್ತು ಅನ್ನುವ ನಂಬಿಕೆ ಇದೆ.

ಒಂಬತ್ತು ಬಿಲ್ಲುಗಳಿಗೆ ಈ ಒಂಬತ್ತು ಹೆಸರು ಇಡಿ. ಗುಣ ಹುಡುಕುವ ಕೆಲಸವೂ ಉಳಿಯಿತು. ಮಿರಗ ಎಂಬ ಬಿಲ್ಲಿನಿಂದ ಬಿಟ್ಟ ಬಾಣ ಬಿದ್ದ ಕಡೆ ಮೊಳಕೆ ಒಡೆಯುತ್ತೆ, ಸ್ವಾತಿಯ ಬಾಣ ನಾಟಿದ ಗಾಯದಲ್ಲಿ ಮುತ್ತು ಬೆಳೆಯುತ್ತೆ. ಎರೆ (ಕಪ್ಪು ಮಣ್ಣಿನ) ಹೊಲದವನಿಗೂ ಮಸಾರಿ (ಕೆಂಪು ಮಣ್ಣಿನ) ಹೊಲದವನಿಗೂ ಒಂದೇ ಮಳೆಯ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರುತ್ತೆ, ಅದನ್ನೂ ಪಾತ್ರಗಳ ಬಾಯಲ್ಲಿ ಹಾಕಿ.

ಹೆಜ್ಜೆ 7: ವಿಭಕ್ತಿ ಹಚ್ಚಿ ನೋಡಿ

ಹೆಸರು ಯಾವತ್ತೂ ಒಂಟಿಯಾಗಿ ಇರುವುದಿಲ್ಲ, ವಾಕ್ಯದಲ್ಲಿ ಕೂರುತ್ತೆ. ಅನ್ನು, ಇಂದ, ಗೆ, ಅಲ್ಲಿ ಹಚ್ಚಿ ಓದಿ. ಕತ್ತಿಯನ್ನು, ಬಿಲ್ಲನ್ನು, ಗಾಂಡೀವವನ್ನು. "ಎಲ್ಡ್ರಾಕ್ಸ್" ಅಂತ ಇಟ್ಟರೆ "ಎಲ್ಡ್ರಾಕ್ಸ್‌ಅನ್ನು", "ಎಲ್ಡ್ರಾಕ್ಸ್‌ಇಂದ" ಅಂತ ಪುಟ ಪುಟದಲ್ಲೂ ಎಡವಬೇಕಾಗುತ್ತೆ. ಕೊನೆಯಲ್ಲಿ ಸ್ವರ ಇದ್ದರೆ ನಿಮಗೂ ಸುಖ, ಓದುವವರಿಗೂ ಸುಖ.

ಆಟಕ್ಕೆ ಕೋಡ್ ಬರೆಯುವವರು ಇನ್ನೊಂದು ಗಮನಿಸಿ. "ನೀವು" ಆದ ಮೇಲೆ ಹೆಸರು ತುರುಕಿ, ಅದಕ್ಕೆ "ಅನ್ನು ಪಡೆದಿರಿ" ಅಂಟಿಸುವ ವಾಕ್ಯ ಇಡಬೇಡಿ. ಒಂದು ವಸ್ತುವಿಗೆ ಯನ್ನು, ಇನ್ನೊಂದಕ್ಕೆ ವನ್ನು, ಮತ್ತೊಂದಕ್ಕೆ ಬರೀ ಅನ್ನು. ಯಂತ್ರಕ್ಕೆ ಇದೆಲ್ಲ ಕಲಿಸುವ ಬದಲು "ಸಿಕ್ಕಿತು: ಕಿಡಿಗತ್ತಿ" ಅಂತ ವಾಕ್ಯ ತಿರುಗಿಸಿದರೆ ಸಮಸ್ಯೆಯೇ ಇಲ್ಲ.

ಕಥೆ ಬರೆಯುವವರಿಗೆ ಇಲ್ಲೊಂದು ದೊಡ್ಡ ಅವಕಾಶ ಇದೆ. ಕನ್ನಡದ ಕ್ರಿಯಾಪದ ಲಿಂಗ ಹೇಳುತ್ತೆ. ಉತ್ತರಿ ಅಂತ ಒಂದು ಕತ್ತಿ ಇದೆ ಅನ್ನಿ. "ಉತ್ತರಿ ಒರೆಯಿಂದ ಹೊರಬಂತು" ಅಂದರೆ ಅದು ವಸ್ತು. "ಹೊರಬಂದಳು" ಅಂದರೆ ಅವಳು ಯಾರೋ. ಇಡೀ ಕಥೆಯಲ್ಲಿ ಎಲ್ಲರೂ ಆ ಕತ್ತಿಯ ಬಗ್ಗೆ ಬಂತು, ಹೋಯಿತು, ಕಡಿಯಿತು ಅಂತಲೇ ಮಾತಾಡುತ್ತಿರಲಿ. ಹಳೆಯ ಒಡತಿ ಒಬ್ಬಳು ಬಂದು ಅದನ್ನು ಕೈಗೆತ್ತಿಕೊಂಡು "ಎಷ್ಟ್ ಸೊರಗ್ಯಾಳ ನೋಡು" ಅನ್ನಲಿ. ಒಂದೇ ಪ್ರತ್ಯಯದಲ್ಲಿ ಕಥೆ ತಿರುಗಿತು. ಇದು ಸಾಧ್ಯವಾಗಲು ಹೆಸರು ಎರಡಕ್ಕೂ ಹೊಂದಬೇಕು. ಇ, ಎ ಕೊನೆಗೆ ಬರುವ ಹೆಸರುಗಳು ಇದಕ್ಕೆ ಅನುಕೂಲ. ಅ ಕೊನೆಗೆ ಬಂದರೆ "ಚಂದ್ರಹಾಸವನ್ನು" ಮತ್ತು "ಚಂದ್ರಹಾಸನನ್ನು" ಎಂಬ ಭೇದ ಆಡಿಸಬಹುದು, ವಸ್ತುವೋ ಗಂಡಸೋ ಅಂತ.

ಹೆಜ್ಜೆ 8: ಪರದೆ ಮೇಲೆ ಹಾಕಿ ನೋಡಿ

ಮೊಬೈಲ್ ಅಥವಾ ಕಂಪ್ಯೂಟರ್ ಆಟ ಮಾಡುವವರಿಗೆ ಮಾತ್ರ. "ಬ್ರಹ್ಮಾಸ್ತ್ರ" ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿಗೆ ಹನ್ನೆರಡು ಸಂಕೇತ. ಹೆಸರಿಗೆ ಹದಿನಾರು ಅಂತ ಮಿತಿ ಇಟ್ಟಿದ್ದರೆ ಎರಡು ಒತ್ತಕ್ಷರದ ಶಬ್ದ ಸೇರುವಷ್ಟರಲ್ಲಿ ಜಾಗ ಮುಗಿಯುತ್ತೆ, ಅದೂ ಒತ್ತಿನ ನಡುವೆ ಕತ್ತರಿಸಿದರೆ ಗಲೀಜಾಗಿ ಕಾಣುತ್ತೆ. ಮಿತಿಯನ್ನು ದೊಡ್ಡದು ಮಾಡಿ, ಇಲ್ಲವೇ ಅಕ್ಷರಗುಚ್ಛದ, ಅಂದರೆ ಕಣ್ಣಿಗೆ ಕಾಣುವ ಇಡೀ ಅಕ್ಷರದ, ಲೆಕ್ಕದಲ್ಲಿ ಎಣಿಸಿ. ಆಟ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿ ಕನ್ನಡದ ಒತ್ತಕ್ಷರ ಕೂಡಿಸುವುದಿಲ್ಲ, ಬಿಡಿಬಿಡಿಯಾಗಿ ತೋರಿಸುತ್ತೆ. 2023ರಲ್ಲಿ ಬಂದ ಗೊಡೋ 4 ಎಂಬ ಇನ್ನೊಂದು ತಂತ್ರಾಂಶ ಇದನ್ನು ಸರಿಯಾಗಿ ಮಾಡುತ್ತೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ ಹಾಕಿ ನೋಡಿ, ಎರಡೂ ಉಚಿತ.

ಇಡೀ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ. ಮೊದಲ ಅಕ್ಷರ ಎಲ್ಲ ಒಂದೇ ಆಗಿದ್ದರೆ ಬದಲಿಸಿ. ಕಿಡಿಗತ್ತಿ, ಕಿರುಗತ್ತಿ, ಕೆಂಗತ್ತಿ ಮೂರೂ ಒಂದೇ ಚೀಲದಲ್ಲಿದ್ದರೆ ಗಡಿಬಿಡಿಯಲ್ಲಿ ತಪ್ಪು ವಸ್ತು ಒತ್ತುತ್ತಾರೆ.

ಹೆಜ್ಜೆ 9: ಎಲ್ಲಕ್ಕೂ ಹೆಸರು ಬೇಡ

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆಯಾಟದಿಂದ ಹಿಡಿದು ಇವತ್ತಿನವರೆಗೂ ಪ್ಲಸ್ ಒನ್ ಕತ್ತಿ ಎಂಬ ವಸ್ತು ಇದೆ. ಸ್ವಲ್ಪ ಜಾಸ್ತಿ ಚೂಪು, ಅಷ್ಟೇ. ಅಂಥದ್ದಕ್ಕೆ ಹೆಸರು ಕೊಡಬೇಡಿ. "ಒಳ್ಳೇ ಕುಡಗೋಲು" ಸಾಕು. ಹತ್ತಕ್ಕೆ ಒಂದಕ್ಕೆ ಹೆಸರಿದ್ದರೆ ಆ ಒಂದಕ್ಕೆ ಬೆಲೆ.

ಹೆಸರು ಗಳಿಸಿಕೊಳ್ಳಲೂ ಬಿಡಿ. ಜಪಾನಿನ ಪುರಾಣದಲ್ಲಿ ಒಂದು ಕತ್ತಿ ಎಂಟು ತಲೆಯ ಸರ್ಪದ ಬಾಲದಲ್ಲಿ ಸಿಗುತ್ತೆ, ಆಗ ಅದರ ಹೆಸರಿನಲ್ಲಿ ಮೋಡಗಳಿದ್ದವು. ಮುಂದೆ ಯಮಾತೊ ತಕೇರು ಎಂಬ ವೀರನ ಸುತ್ತ ಶತ್ರುಗಳು ಹುಲ್ಲಿಗೆ ಬೆಂಕಿ ಹಚ್ಚಿದಾಗ ಅವನು ಅದೇ ಕತ್ತಿಯಿಂದ ಹುಲ್ಲು ಸವರಿ ಬದುಕಿಕೊಂಡ. ಅಲ್ಲಿಂದ ಅದು ಕುಸಾನಗಿ, ಹುಲ್ಲು ಕಡಿಯುವುದು. ದೊಡ್ಡ ಹೆಸರು ಹೋಗಿ ಸಣ್ಣ ಹೆಸರು ಬಂತು, ಆ ಸಣ್ಣದೇ ಉಳಿಯಿತು. ನಿಮ್ಮ ಆಟದಲ್ಲಿ ಆ "ಒಳ್ಳೇ ಕುಡಗೋಲು" ಯಾರದೋ ಜೀವ ಉಳಿಸಿದ ದಿನ ಅದಕ್ಕೆ ಹೆಸರಿಡಲು ಆಟಗಾರರಿಗೇ ಹೇಳಿ.

ಹೆಜ್ಜೆ 10: ಪೂಜೆಯಲ್ಲಿರುವುದನ್ನು ಮುಟ್ಟಬೇಡಿ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಮೈಲಾರ ದೇವರ ಭಕ್ತನಾದ ಗೊರವಯ್ಯ ಬಿಲ್ಲು ಏರಿ ಕಾರಣಿಕ, ಅಂದರೆ ಭವಿಷ್ಯದ ಮಾತು, ನುಡಿಯುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುವ ಒಂದೇ ಸಾಲು, ಆಮೇಲೆ ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಅದರ ಅರ್ಥ ಹುಡುಕುತ್ತಾರೆ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ವರ್ಷಕ್ಕೆ ಒಂದೇ ಮಾತಾಡುವ ಬಿಲ್ಲು, ಆ ಮಾತಿಗೆ ಹತ್ತು ಅರ್ಥ. ಮಾದರಿ ತಗೊಳ್ಳಿ. ಮೈಲಾರನ ಹೆಸರು, ಭಂಡಾರ (ಅರಿಶಿನ ಪುಡಿ), ಡೋಣಿ (ಗೊರವರ ಪಾತ್ರೆ) ಇವನ್ನು ಆಟದ ಪೆಟ್ಟಿಗೆಯಲ್ಲಿ ಹಾಕಬೇಡಿ. ಅವು ಜನ ಇವತ್ತೂ ಹಣೆಗೆ ಹಚ್ಚಿಕೊಂಡು ಕೈಮುಗಿಯುವ ವಸ್ತುಗಳು, ಅವನ್ನು ಹತ್ತು ನಾಣ್ಯಕ್ಕೆ ಮಾರುವ ಹಾಗೆ ಮಾಡಿದರೆ ಯಾರಿಗಾದರೂ ನೋವಾಗುತ್ತೆ. ನಿಮ್ಮ ಲೋಕಕ್ಕೆ ನಿಮ್ಮದೇ ದೇವರು ಇರಲಿ. ಆ ದೇವರ ಬಿಲ್ಲಿಗೆ "ಒಂಟಿನುಡಿ" ಅಂತಲೋ "ವರ್ಷದ ಬಾಯಿ" ಅಂತಲೋ ಇಡಿ.

ಪಾಂಡವರು ಆಯುಧ ಬಚ್ಚಿಟ್ಟ ಬನ್ನಿ ಮರದ ಕಥೆ ಎಲ್ಲರದೂ ಹೌದು, ಅದರ ನೆರಳಲ್ಲಿ ಏನಾದರೂ ಕಟ್ಟಬಹುದು. ದಸರೆಗೆ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣು" ಅನ್ನುತ್ತೇವಲ್ಲ, ಆ ಮಾತು ಹೇಳಿ ಕೊಟ್ಟಾಗ ಮಾತ್ರ ಬಂಗಾರವಾಗುವ, ಕಿತ್ತುಕೊಂಡರೆ ಬರೀ ಎಲೆಯಾಗಿ ಉಳಿಯುವ ಒಂದು ನಾಣ್ಯ ಮಾಡಿ.

ಹೆಜ್ಜೆ 11: ಮೇಜಿನ ಮೇಲೆ ಬಿಟ್ಟು ಸುಮ್ಮನಿರಿ

ಕೊನೆಯ ಪರೀಕ್ಷೆ ಆಡುವವರ ಬಾಯಿ. ಹೊಸ ವಸ್ತುವನ್ನು ಹೆಸರಿನ ಸಮೇತ ಒಂದು ಸಲ ಪರಿಚಯಿಸಿ, ಆಮೇಲೆ ನೀವು ಆ ಹೆಸರು ಎತ್ತಬೇಡಿ. ಅವರು ಏನಂತ ಕರೆಯುತ್ತಾರೆ ಅಂತ ಕಿವಿಗೊಡಿ. "ಏ, ಆ ಚಾಡಿಬುಡ್ಡಿ ಹೊರಗ ತಗಿ, ನಿನ್ನೆ ಯಾರ್ ಬಂದಿದ್ರು ನೋಡೂಣು" ಅಂದರೆ ಹೆಸರು ಕೂತಿತು. ನೀವಿಟ್ಟದ್ದು ಬಿಟ್ಟು ಬೇರೇನೋ ಅಂದರೆ ಅದನ್ನು ಬರೆದುಕೊಳ್ಳಿ, ವಾದ ಮಾಡಬೇಡಿ. ಮುಂದಿನ ವಾರ ಆ ಹೆಸರನ್ನೇ ಸಾಮಾನಿನ ಪಟ್ಟಿಗೆ ಹಾಕಿ. ನಿಮ್ಮದನ್ನು ಶಾಸನಕ್ಕೋ ಅರಮನೆಯ ಪಟ್ಟಿಗೋ ಇಟ್ಟುಕೊಳ್ಳಿ, ಅವರು ಯಾವತ್ತಾದರೂ ಅಲ್ಲಿಗೆ ಹೋದಾಗ ಸಿಗುತ್ತೆ.